ಸ್ಲ್ಯಾಬಿನ ದಿನದ ಕೋಳಿ

ಮಣಿಕೊಂಡದಲ್ಲಿ ಆಗ ಮನೆಗಳಿಗಿಂತ ಮನೆ ಕಟ್ಟುವವರೇ ಹೆಚ್ಚು. 2005ನೇ ಇಸವಿ. ಸಾಫ್ಟ್‌ವೇರ್ ಕಂಪನಿಗಳು ಬಂದವೆಂದು ಬಂಡೆ ಕಂಡಲ್ಲೆಲ್ಲ ಒಡೆದು, ಒಡೆದಲ್ಲೆಲ್ಲ ಕಂಬ ನಿಲ್ಲಿಸುತ್ತಿದ್ದರು. ಹಾಗೆ ಏಳುತ್ತಿದ್ದ ಐದು ಅಂತಸ್ತಿನ ಕಟ್ಟಡವೊಂದರ ಪಕ್ಕದ ಮನೆಯ ಮಹಡಿ ಕೋಣೆಯಲ್ಲಿ ನಾನಿದ್ದೆ. ಹೆಸರು ಸೂರ್ಯನಾರಾಯಣ, ಏಳುತ್ತಿದ್ದುದು ಸೂರ್ಯ ಮುಳುಗುವ ಹೊತ್ತಿಗೆ. ಕಾಲ್ ಸೆಂಟರಿಗೆ ಸೇರಿದ ಹುಡುಗ ಹುಡುಗಿಯರಿಗೆ ಅಮೆರಿಕದವರಂತೆ ಮಾತಾಡಲು ಕಲಿಸುವುದು ನನ್ನ ಕೆಲಸ. ಮೈಸೂರಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ಅಣಕಿಸಿದ್ದಕ್ಕೆ ಒಂದು ವಾರ ಹೊರಗೆ ಹಾಕಿದ್ದರು. ಹೈದರಾಬಾದಿನಲ್ಲಿ ಅದೇ ವಿದ್ಯೆಗೆ ಸಂಬಳ ಕೊಟ್ಟು, ಕ್ಯಾಬಿನಲ್ಲಿ ಕರೆದೊಯ್ದು, ಬೆಳಗಿನ ಜಾವ ಕ್ಯಾಬಿನಲ್ಲೇ ತಂದು ಬಿಡುತ್ತಿದ್ದರು.

ಅಲ್ಲಿಗೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಮಲಗಲು ಹೊರಟವನಿಗೆ ಕಿಟಕಿಯಾಚೆಯಿಂದ ಕನ್ನಡ ಕೇಳಿಸಿತು.

“ಅಲ್ರೀ, ಗೇಟಿಗೆ ಹಾಕೂ ಬೀಗ ಒಂದಿನ ಆ ಬಾಯಿಗಿ ಹಾಕ್ಕೊರಿ ನೋಡೂಣ!”

ಹೇಳಿದವಳು ಶಂಕ್ರಮ್ಮ. ಹೇಳಿಸಿಕೊಂಡವನು ಅವಳ ಗಂಡ, ಆ ಕಟ್ಟಡದ ವಾಚ್‌ಮನ್. ಅವನ ಹೆಸರು ಮೌನಪ್ಪ. ಹೆಸರಿಟ್ಟವರು ಆಶೆಯಿಂದ ಇಟ್ಟಿರಬೇಕು. ಲಿಂಗಸೂಗೂರು ಕಡೆಯ ಈ ದಂಪತಿ ಕಟ್ಟಡದ ಹಿಂಬದಿಯ ತಗಡಿನ ಕೋಣೆಯಲ್ಲಿದ್ದರು. ಅವನು ಗೇಟು ಕಾಯುತ್ತ ಮಾತಾಡುತ್ತಿದ್ದ; ಅವಳು ತಲೆಯ ಮೇಲೆ ಪುಟ್ಟಿ ಇಟ್ಟುಕೊಂಡು ಕಾಂಕ್ರೀಟು ಹೊರುತ್ತಿದ್ದಳು.

ಪುಟ್ಟಿಯ ವಿಷಯಕ್ಕೇ ಈ ಕಥೆ. ದಸರೆಯ ಹೊತ್ತಿಗೆ, ಮೊದಲ ಚಾವಣಿಯ ಕಾಂಕ್ರೀಟು ಸ್ಲ್ಯಾಬು ಹಾಕಿದ ಮಾರನೆಯ ವಾರ, ಶಂಕ್ರಮ್ಮನ ಎಡಗೈಯ ಎರಡು ಬೆರಳು ಜುಮ್ಮೆನ್ನತೊಡಗಿದವು. ಡಾಕ್ಟರು ಕುತ್ತಿಗೆಯ ಫೋಟೋ ತೆಗೆಸಿ, ಮೂಳೆ ಸವೆದಿದೆ, ಇನ್ನು ಭಾರ ಹೊತ್ತರೆ ಇಡೀ ಕೈ ಹೋಗುತ್ತದೆ ಎಂದರು. ಹೊರದಿದ್ದರೆ ಮೇಸ್ತ್ರಿ ಇಟ್ಟುಕೊಳ್ಳುವುದಿಲ್ಲ. ಗಂಡಹೆಂಡತಿ ಇಬ್ಬರೂ ದುಡಿದರೆ ಮಾತ್ರ ಆ ತಗಡಿನ ಕೋಣೆ.

ಮೇಸ್ತ್ರಿ ಸುಬ್ಬರಾಯ ತೆಲುಗಿನವನು. ಆದರೆ ಆಂಧ್ರದ ರೈತರು ಬಂದು ನೆಲೆಸಿದ ಸಿಂಧನೂರಿನ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಅವನ ಕನ್ನಡವೂ ತೆಲುಗೂ ಒಂದೇ ತಟ್ಟೆಯ ಅನ್ನ ಸಾರು. ಅವನೆದುರು ಹೋಗಿ ಶಂಕ್ರಮ್ಮ ಪುಟ್ಟಿ ಹೊರುವುದು ತಪ್ಪಿಸಿ ಎಂದು ಬೇಡಲಿಲ್ಲ. ಬೇರೆ ಕೆಲಸ ಕೊಡಿ ಎಂದು ಕೇಳಿದಳು, ಆ ಕೆಲಸ ಯಾವುದೆಂದೂ ಅವಳೇ ಹೇಳಿದಳು. ನಾನು ಹಲ್ಲುಜ್ಜುತ್ತ ಕಿಟಕಿಯಲ್ಲಿ ನಿಂತು ಕೇಳಿದ ಮಾತು ಇದು:

“ಸ್ಲ್ಯಾಬಿನ ದಿನ ಮಂದಿಗೆ ಬಾಡಿನ ಊಟ ಹಾಕ್ತೀರಲ್ರಿ, ಆ ಕೋಳಿ ನಾ ಸಾಕಿ, ನಾ ಸಾಫ್ ಮಾಡಿ, ನಾ ಅಡಗಿ ಮಾಡಿ ಕೊಡ್ತೀನ್ರಿ.”

ಸ್ಲ್ಯಾಬು ಹಾಕುವ ದಿನ ಕೂಲಿಯವರಿಗೆ ಮಾಲೀಕ ಮಾಂಸದೂಟ ಹಾಕಲೇಬೇಕು. ಹಾಕದಿದ್ದರೆ ಮುಂದಿನ ಸ್ಲ್ಯಾಬಿಗೆ ಜನ ಬರುವುದಿಲ್ಲ, ಬಂದರೂ ಅವರ ಕೈ ಬರುವುದಿಲ್ಲ.

“ಏಮ್ಮಾ, ಬ್ರಾಯ್ಲರು ಅಂದ್ರೆ ಏನ್ ಬದನೆ ಗಿಡ ಅನ್ಕೊಂಡ್ಯಾ? ನಾಟಿಕೋಳಿ ಹಂಗೆ ತಿಪ್ಪೆ ಕೆದ್ರಿ ಬೆಳೆಯೋದಲ್ಲ ಅದಿ. ಗಾಳಿ ಹೆಚ್ಚಾದ್ರೆ ಸಾಯ್ತದೆ, ಕಮ್ಮಿ ಆದ್ರೂ ಸಾಯ್ತದೆ.”

“ಗೊತ್ತೈತ್ರಿ. ನಮ್ಮಕ್ಕನ ಶೆಡ್ಡಿನ್ಯಾಗ ಎರಡು ವರ್ಷ ಐನೂರು ಕೋಳಿ ನಾನ ನೋಡಿಕೊಂಡೀನಿ.”

“ಮತ್ತೆ ಅಂಗಡೀಲಿ ತಂದ್ರೆ ಏನ್ ರೋಗ?”

“ಹೋದ ಸ್ಲ್ಯಾಬಿನ್ಯಾಗ ಅಂಗಡಿಯಾವ ಮೂರೂವರಿಗೆ ತಂದ. ಮಂದಿ ಬರೇ ಅನ್ನಕ್ಕ ಖಾರ ಕಲಸ್ಕೊಂಡು ಉಂಡ್ರು. ಅವತ್ತ ನಿಮಗ ಏನೇನ್ ಬೈದ್ರು ಅಂತ ಹೇಳ್ಲೇನ್ರಿ? ನನಗ ತೆಲುಗು ಪೂರಾ ಬರಂಗಿಲ್ಲ, ಅರ್ಧ ತಿಳೀಲಿಲ್ಲ. ಅರ್ಧ ತಿಳೀತು.”

ಸುಬ್ಬರಾಯ ಕಿವಿಯ ಮೇಲಿನ ಕೆಂಪು ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದ. “ಸರಿ, ಈ ಎರಡನೇ ಸ್ಲ್ಯಾಬು ಒಂದು ನೋಡ್ತೀನಿ. ಅರವತ್ತು ಮಂದಿ. ಎರಡು ಗಂಟೆಗೆ ಮೊದಲ ಪಂಕ್ತಿ. ಸರಿ ಬಂದ್ರೆ ಉಳಿದ ಮೂರು ಸ್ಲ್ಯಾಬೂ ನಿಂದೇ, ಪುಟ್ಟಿ ಇಳಿಸಿಬಿಡು. ಬರ್ಲಿಲ್ಲ ಅಂದ್ರೆ ಪುಟ್ಟಿ ಹೊರು, ಇಲ್ಲಾ ಊರು ಸೇರು.”

ಅವಳು ಸುಮ್ಮನೆ ತಲೆಯಾಡಿಸಲಿಲ್ಲ. ಬೆರಳು ಮಡಿಸಿ ಎಣಿಸಿದಳು. ಅವಳ ಬುದ್ಧಿ ನನಗೆ ತಿಳಿದದ್ದು ಅಲ್ಲಿ. ಆ ಕಟ್ಟಡದಲ್ಲಿ ಒಂದು ಸ್ಲ್ಯಾಬಿನಿಂದ ಇನ್ನೊಂದಕ್ಕೆ ಕಂಬ ಎಬ್ಬಿಸಿ, ಹಲಗೆ ಕೂರಿಸಿ, ಕಬ್ಬಿಣ ಕಟ್ಟಲು ಹೆಚ್ಚುಕಡಿಮೆ ಎರಡೂವರೆ ತಿಂಗಳು ಹಿಡಿಯುತ್ತಿತ್ತು. ಆ ಎರಡೂವರೆ ತಿಂಗಳಲ್ಲಿ ಈಗ ಉಳಿದಿದ್ದದ್ದು ನಲವತ್ತೈದು ದಿನ. ಮರಿ ಬ್ರಾಯ್ಲರು ಎರಡು ಕೇಜಿ ತೂಗಲು ಬೇಕಾದದ್ದೂ ನಲವತ್ತೈದೇ ದಿನ. ನಮ್ಮ ಆಫೀಸಿನಲ್ಲಿ ಬಣ್ಣಬಣ್ಣದ ಪಟ್ಟಿ ಬರೆದು, ತಿಂಗಳಿಗೊಮ್ಮೆ ಆ ಪಟ್ಟಿಯನ್ನೇ ತಿದ್ದಿ, ಕೆಲಸವನ್ನು ಮಾತ್ರ ಮುಗಿಸದ ಮ್ಯಾನೇಜರು ಒಬ್ಬರಿದ್ದರು. ಅವರನ್ನು ಒಂದು ದಿನ ಕರೆತಂದು ಶಂಕ್ರಮ್ಮನ ಮುಂದೆ ಕೂರಿಸಬೇಕೆಂದು ನನಗೆ ತುಂಬಾ ಆಸೆಯಿತ್ತು.

ಮಾರನೆಯ ದಿನವೇ ಮೌನಪ್ಪ ಶಂಷಾಬಾದ್ ರಸ್ತೆಯಿಂದ ಒಂದು ದಿನದ ಇಪ್ಪತ್ತಾರು ಮರಿಗಳನ್ನು ಟೀವಿಯ ಖಾಲಿ ಪೆಟ್ಟಿಗೆಯಲ್ಲಿ, ಬಸ್ಸಿನಲ್ಲಿ, ತೊಡೆಯ ಮೇಲೆ ತಂದ. “ಕಂಡಕ್ಟರ್ ಕೇಳ್ಯಾನ್ರಿ, ಪೆಟಿಗ್ಯಾಗ ಏನ್ ಚೀಂವ್ ಚೀಂವ್ ಅಂತೈತಿ ಅಂತ. ಟೀವಿ ಅಂದೆ. ಚಾಲೂ ಐತಿ ಅಂದೆ. ಮೆಹದಿಪಟ್ಣಂ ಬರೂಮಟ ನಕ್ಕಾನ್ರಿ...” ಇನ್ನೂ ಇತ್ತು, ನಾನು ಇಲ್ಲಿಗೆ ನಿಲ್ಲಿಸಿದ್ದೇನೆ.

ಮರಿಗಳ ಮನೆ ಕಟ್ಟಲು ಶಂಕ್ರಮ್ಮ ಒಂದು ಸಾಮಾನನ್ನೂ ಕೊಳ್ಳಲಿಲ್ಲ. ಮುರಿದ ಇಟ್ಟಿಗೆಯ ದಂಡೆ, ಬಿಸಾಕಿದ ಹಲಗೆ, ಕಬ್ಬಿಣ ಕಟ್ಟುವ ತಂತಿಯ ಜಾಲರಿ, ಗಾಳಿ ತಡೆಯಲು ಸಿಮೆಂಟಿನ ಖಾಲಿ ಚೀಲದ ಪರದೆ. ನೆಲಕ್ಕೆ ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು. ನಡುವೆ ಬುಟ್ಟಿ ಬೋರಲು ಹಾಕಿ ಒಳಗೊಂದು ನೂರು ಕ್ಯಾಂಡಲಿನ ಬಲ್ಬು. ಮರಿಗಳು ಬಲ್ಬಿನ ಕೆಳಗೆ ಗುಂಪುಗಟ್ಟಿದರೆ ಅವಕ್ಕೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ, ಅಲ್ಲೊಂದು ಇಲ್ಲೊಂದು ಹರಡಿ ಮಲಗಿದರೆ ಸರಿ. “ಥರ್ಮಾಮೀಟರ್ ಇವ ಅದಾವಲ್ರಿ” ಎನ್ನುತ್ತಿದ್ದಳು. ಕರೆಂಟು ಹೋದಾಗ ನನ್ನ ಕೋಣೆಯ ಖಾಲಿ ಬಾಟಲಿಗಳಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಬುಟ್ಟಿಯೊಳಗೆ ಇಡುತ್ತಿದ್ದಳು. ಬಾಟಲಿ ತಂಪು ಪಾನೀಯದ್ದೇ, ನಂಬಬೇಕು.

ಮೊದಲ ವಾರದಲ್ಲಿ ಎರಡು ಮರಿ ಸತ್ತವು. ಮೂರನೆಯದು ಸಾಯಲಿಲ್ಲ. ಹೊಟ್ಟು ಒದ್ದೆಯಾದರೆ ವಾಸನೆ, ವಾಸನೆಯಾದರೆ ರೋಗ ಎಂದು ಅವಳು ದಿನವೂ ಕೈಯಾಡಿಸಿ ಹೊಟ್ಟು ತಿರುವಿ ಹಾಕುತ್ತಿದ್ದಳು. ಅದೂ ಕೆಲಸಕ್ಕೆ ಹೋಗುವ ಮೊದಲು. ಏಕೆಂದರೆ ಹಗಲು ಪುಟ್ಟಿ ಇದ್ದೇ ಇತ್ತು. ಈಗ ಅರ್ಧ ಪುಟ್ಟಿ ತುಂಬಿಸಿಕೊಳ್ಳುತ್ತಿದ್ದಳು, ಸುಬ್ಬರಾಯ ಕಂಡೂ ಕಾಣದಂತಿದ್ದ.

ನಾನು ಮೊಟ್ಟೆಯ ಹೆಸರನ್ನೂ ಪಿಸುಮಾತಿನಲ್ಲಿ ಹೇಳುವ ಮನೆಯಲ್ಲಿ ಬೆಳೆದವನು. ಹೈದರಾಬಾದಿಗೆ ಬಂದ ಮೇಲೆ ಕೋಳಿಯ ಪರಿಚಯವಾದದ್ದು ಬಿರಿಯಾನಿಯೊಳಗೆ. ಜೀವಂತ ಕೋಳಿಯ ಪರಿಚಯ ಮಾಡಿಸಿದವಳು ಶಂಕ್ರಮ್ಮ. ದಿನಾ ಸಂಜೆ ಕ್ಯಾಬು ಬರುವವರೆಗೆ ಗೂಡಿನ ಬಳಿ ನಿಲ್ಲುತ್ತಿದ್ದೆ. ಅಮೆರಿಕಕ್ಕೆ ಹೋಗುವವರು ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ನನ್ನಲ್ಲೊಂದಿತ್ತು, ಅಮೆರಿಕವೇನೂ ಕರೆದಿರಲಿಲ್ಲ. ಆ ಕೊಕ್ಕೆಗೆ ಚೀಲ ಸಿಕ್ಕಿಸಿ, ಚೀಲದಲ್ಲಿ ಕೋಳಿ ಇಟ್ಟು ತೂಗೋಣವೆಂದೆ. ಕೊಕ್ಕೆಗೂ ಕೊಕ್ಕಿಗೂ ಅದೇ ಮೊದಲ ಭೇಟಿ. ಶಂಕ್ರಮ್ಮ ಒಂದು ಕೋಳಿಯನ್ನು ಅಂಗೈ ಮೇಲೆ ಕೂರಿಸಿಕೊಂಡು, ಕಣ್ಣು ಮುಚ್ಚಿ, “ಒಂದೂವರಿ ಮ್ಯಾಲ ಅರ್ಧ ಪಾವು” ಎಂದಳು. ತಕ್ಕಡಿಯ ಮುಳ್ಳು ಒಂದೂವರೆ ದಾಟಿ ಒಂದು ಚೂರು ಮೇಲೆ ನಿಂತಿತು. ಹತ್ತು ಕೋಳಿ ತೂಗಿದೆ. ಒಂಬತ್ತರಲ್ಲಿ ಮುಳ್ಳು ಅವಳ ಮಾತು ಕೇಳಿತು. ಹತ್ತನೆಯದಕ್ಕೆ ಅವಳು, “ನಿಮ್ಮ ತಕ್ಕಡಿ ಕೆಟ್ಟೈತಿ ಸಾಹೇಬ್ರ” ಎಂದಳು. ಆಮೇಲೆ ನೋಡಿದರೆ ಕೊಕ್ಕೆಗೆ ಚೀಲದ ಅಂಚು ಸಿಕ್ಕಿಕೊಂಡಿತ್ತು.

ಅಲ್ಲಿ ನಿಂತು ನಿಂತು ನಾನು ಅವಳ ದನಿಯನ್ನೂ ಕದ್ದೆ. ಕಾಳು ಹಾಕುವ ಮೊದಲು ಅವಳು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ “ಬೋ ಬೋ ಬೋ... ಕೊಕ್ಕೋ” ಎನ್ನುತ್ತಿದ್ದಳು. ಮೊದಲ ಮೂರು ದಪ್ಪ, ಕೊನೆಯದು ಎಳೆದದ್ದು, ಎಳೆತದ ಕೊನೆಯಲ್ಲಿ ಒಂದು ಸಣ್ಣ ನಡುಕ. ಇಷ್ಟು ದಿನ ನಾನು ಅಣಕಿಸಿದ ದನಿಗಳನ್ನೆಲ್ಲ ಮನುಷ್ಯರು ಕೇಳಿ ನಕ್ಕಿದ್ದರು. ಈ ದನಿಯ ಪರೀಕ್ಷಕರು ಕೋಳಿಗಳು, ಅವು ನಗುವುದಿಲ್ಲ.

ನಲವತ್ತೈದನೆಯ ದಿನ ಬಂತು. ಜನವರಿಯ ಮೊದಲ ವಾರ, ಶನಿವಾರ. ಕ್ಯಾಬು ನನ್ನನ್ನು ಬೆಳಗಿನ ಐದಕ್ಕೆ ಮನೆಗೆ ತಂದು ಬಿಟ್ಟಿತು. ಬೀದಿಯ ಕೊನೆಯಲ್ಲಿ ನೀರಿನ ಟ್ಯಾಂಕರು ನಿಂತಿತ್ತು. ಶಂಕ್ರಮ್ಮ ಡ್ರಮ್ಮು ತುಂಬಿಸಲು ಹೋಗಿದ್ದಳು. ಗೇಟಿನಲ್ಲಿ ಮೌನಪ್ಪ ಸಿಕ್ಕ. ಇವತ್ತು ಎಷ್ಟು ಚೀಲ ಸಿಮೆಂಟು, ಮಿಕ್ಸರು ಎಲ್ಲಿಂದ ಬರುತ್ತದೆ, ಅವನ ಮಾವ ಒಮ್ಮೆ ಸಿಮೆಂಟಿನ ಮೇಲೆ ಮಲಗಿ ಎದ್ದಾಗ ಏನಾಯಿತು, ಎಲ್ಲ ಹೇಳಿದ. ಒಂದನ್ನು ಮಾತ್ರ ಹೇಳಲಿಲ್ಲ. ನನ್ನನ್ನು ಕಂಡರೆ ಹೇಳೆಂದು ಹೆಂಡತಿ ಹೇಳಿದ್ದೂ ಅದೊಂದನ್ನೇ.

ಗೂಡಿನ ಬಳಿ ಹೋದೆ. ಕಾಳಿನ ತಟ್ಟೆ ಖಾಲಿ. ತೊಳೆದಿಟ್ಟಷ್ಟು ಖಾಲಿ. ಇಪ್ಪತ್ನಾಲ್ಕು ಕೋಳಿಗಳು ತಂತಿಗೆ ಎದೆಯೊತ್ತಿ ನನ್ನನ್ನೇ ನೋಡಿದವು. ಪಾಪ, ಗಡಿಬಿಡಿಯಲ್ಲಿ ಶಂಕ್ರಮ್ಮ ಕಾಳು ಹಾಕುವುದನ್ನೇ ಮರೆತಿದ್ದಾಳೆ. ಅದೂ ಇವತ್ತು! ಹೋಗುವ ಜೀವ ಹಸಿದು ಹೋಗಬಾರದು ಎಂದುಕೊಂಡೆ. ಕೋಣೆಗೆ ಓಡಿ, ಅಲ್ಲಿದ್ದ ತಿನ್ನುವ ಸಾಮಾನು ಎಂದರೆ ಅದೊಂದೇ, ಕಾರ್ನ್‌ಫ್ಲೇಕ್ಸಿನ ಎರಡು ಡಬ್ಬಿ ತಂದು ಸುರಿದೆ. ಸುರಿಯುವ ಮೊದಲು ಸುತ್ತ ನೋಡಿ, ನಾಲಿಗೆ ಅಂಗುಳಕ್ಕೆ ತಾಗಿಸಿ, “ಬೋ ಬೋ ಬೋ... ಕೊಕ್ಕೋ” ಎಂದೆ.

ಇಪ್ಪತ್ನಾಲ್ಕೂ ಓಡಿ ಬಂದವು! ನಡುಕ ಸಮೇತ ಸರಿಯಾಗಿ ಬಂದಿತ್ತು. ಅಷ್ಟು ಹೆಮ್ಮೆ ನನಗೆ ಅಮೆರಿಕದವರಿಂದಲೂ ಆಗಿರಲಿಲ್ಲ. ಕಾಲು ಗಂಟೆಯಲ್ಲಿ ತಟ್ಟೆ ಮತ್ತೆ ಖಾಲಿ.

ಆರಕ್ಕೆ ಎಲ್ಲ ಸಜ್ಜಾಯಿತು. ಹಲಗೆಯ ಚೂರುಗಳ ಬೆಂಕಿಯ ಮೇಲೆ ನೀರಿನ ಡ್ರಮ್ಮು. ಸಾಲಾಗಿ ನಿಂತ ಕಂಬಗಳಿಗೆ ತಳ ಕತ್ತರಿಸಿದ ಪೇಂಟಿನ ಡಬ್ಬಿಗಳನ್ನು ಕಟ್ಟಿದ್ದಳು. ಕೊಯ್ದ ಕೋಳಿಯನ್ನು ತಲೆಕೆಳಗಾಗಿ ಅದರಲ್ಲಿಟ್ಟರೆ ರೆಕ್ಕೆ ಬಡಿಯುವುದಿಲ್ಲ, ರಕ್ತವೆಲ್ಲ ಸೋರಿಹೋಗುತ್ತದೆ. ಕೊಯ್ಯಲು ಕಬ್ಬಿಣ ಕಟ್ಟುವ ಲಾಲಸಾಬ ಬಂದಿದ್ದ, ಮುಖ ತೊಳೆದು, ತಲೆಗೆ ಕರವಸ್ತ್ರ ಕಟ್ಟಿಕೊಂಡು. ಅವರ ಸೀಮೆಯಲ್ಲಿ ಯಾರ ಮನೆಯ ಕೋಳಿಯಾದರೂ ಮುಲ್ಲಾನೇ ಕೊಯ್ಯಬೇಕು. ಲಾಲಸಾಬನ ತಂದೆ ಊರ ಮುಲ್ಲಾ ಆಗಿದ್ದನಂತೆ. ಅವನು ಕೊಯ್ದರೆ ಅರವತ್ತು ಜನರೂ ಒಂದೇ ಪಾತ್ರೆಯಲ್ಲಿ ಉಣ್ಣಬಹುದು.

ಶಂಕ್ರಮ್ಮ ಮೊದಲ ಕೋಳಿಯನ್ನು ಎತ್ತಿಕೊಂಡಳು. ಎಂದಿನಂತೆ ಕೊರಳ ಬುಡದ ಕಾಳುಚೀಲಕ್ಕೆ ಬೆರಳಿಟ್ಟವಳು ಅಲ್ಲೇ ನಿಂತಳು. ಎರಡನೆಯದನ್ನು ಎತ್ತಿದಳು, ಮೂರನೆಯದನ್ನು ಎತ್ತಿದಳು.

“ಯಾವನಾವ ಇವಕ್ಕ ತಿನಸಿದಾವ?”

ಮೌನಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಮಾತು ಹೊರಡಲಿಲ್ಲ. ನಾನು ಕೈಯೆತ್ತಿದೆ, ಕ್ಲಾಸಿನ ಹುಡುಗನ ಹಾಗೆ.

“ಏನ್ ಹಾಕಿದ್ರಿ?”

“ಕಾರ್ನ್‌ಫ್ಲೇಕ್ಸು.”

“ಅಂದ್ರ?”

“ಮೆಕ್ಕೆಜೋಳದ ಅವಲಕ್ಕಿ.”

“ಎಷ್ಟು?”

“ಎರಡು ಡಬ್ಬಿ.” ಹೇಳಬಾರದಿತ್ತು, ಆದರೂ ಹೇಳಿದೆ: “ಪಾಪ ಹಸಿದಿದ್ದವು.”

“ಹಸೀಲಿ ಅಂತ ನಿನ್ನೆ ಸಂಜೀಯಿಂದ ಬರೇ ನೀರಿನ ಮ್ಯಾಲ ಇಟ್ಟೀನಿ, ತಮ್ಮಾ!” ಸಾಹೇಬ್ರು ಹೋಗಿ ತಮ್ಮ ಆದದ್ದು ಆ ಕ್ಷಣದಲ್ಲಿ. “ಹೊಟ್ಟಿ ಖಾಲಿ ಇದ್ರ ಒಳಗಿಂದು ಒಂದ ಎಳೆತಕ್ಕ ಬರ್ತೈತಿ. ತುಂಬಿದ್ರ ಹರೀತೈತಿ. ಹರದ್ರ ಮಾಂಸಕ್ಕ ಹೊಲಸು ಹತ್ತತೈತಿ. ಅರವತ್ತು ಮಂದ್ಯಾಗ ಒಬ್ಬ ವಾಂತಿ ಮಾಡ್ಲಿ ಸಾಕು, ನಾ ಸಾಯೂಮಟ ಪುಟ್ಟಿ ಹೊರಬೇಕು.”

ಕೋಳಿಯನ್ನು ಕೇಳಿ ಮಸಾಲೆ ಅರೆಯಬಾರದು ಎಂಬ ಗಾದೆ ನನಗೆ ಗೊತ್ತಿತ್ತು. ಕೇಳದೆ ಊಟ ಹಾಕಬಾರದು ಎಂಬುದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಸುಬ್ಬರಾಯ ಬಂದ. ವಿಷಯ ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಓದಿದೋರು ಕದಾ!” ಎಂದ, ಓದಿದವರಲ್ಲವೇ ಎನ್ನುವಂತೆ. ಮೋಟರ್‌ಸೈಕಲ್ಲಿನ ಕೀಲಿ ಬೆರಳಿಗೆ ಸುತ್ತುತ್ತ, “ನಂಗೆ ಕಾಂಕ್ರೀಟು ಕಾಯಲ್ಲ ಶಂಕ್ರಮ್ಮಾ. ಅಂಗಡಿಗೆ ಹೋಗಿ ಇಪ್ಪತ್ತೈದು ಕೋಳಿ ಹೇಳಿ ಬರ್ತೀನಿ” ಎಂದ.

“ಒಂಬತ್ತೂವರಿ ತನ ಟೈಮ್ ಕೊಡ್ರಿ.”

“ಒಂಬತ್ತು.”

“ಒಂಬತ್ತೂವರಿ. ಒಂದರ ಮೈಮ್ಯಾಲ ಹೊಲಸು ಕಂಡ್ರ ಎಲ್ಲಾ ಕುಣಿ ತೋಡಿ ಮುಚ್ಚಿ, ನಾನ ಪುಟ್ಟಿ ಎತ್ತಿಕೊಂಡು ಮಿಕ್ಸರ್ ಮುಂದ ಬಂದು ನಿಂದರ್ತೀನಿ.”

ಅವನು ಗಡಿಯಾರ ನೋಡಿಕೊಂಡು ಮೇಲೆ ಹತ್ತಿಹೋದ. ಕೀಲಿ ಇನ್ನೂ ಬೆರಳಿನಲ್ಲೇ ಸುತ್ತುತ್ತಿತ್ತು.

ಶಂಕ್ರಮ್ಮ ತಗಡಿನ ಕೋಣೆಗೆ ಹೋಗಿ ನಿಂಬೆಹಣ್ಣಿನ ಗಾತ್ರದ ದಾರದ ಉಂಡೆ ತಂದಳು. ಸಿಮೆಂಟು ಚೀಲದ ಬಾಯಿ ಹೊಲಿದಿರುತ್ತಾರಲ್ಲ, ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿಕೊಳ್ಳುವ ಆ ದಾರ. ಎಲ್ಲರೂ ಬಿಸಾಕುವ ದಾರವನ್ನು ಒಂದು ವರ್ಷದಿಂದ ಸುತ್ತಿಟ್ಟು ಬಳಸುತ್ತಿದ್ದಳು. “ಗೇಣು ಗೇಣು ತುಂಡು ಮಾಡ್ರಿ” ಎಂದು ಗಂಡನ ಕೈಗೆ ಕೊಟ್ಟಳು. “ಕೋಳಿಗೆ ಎರಡೆರಡು. ಮಾತಾಡಬ್ಯಾಡ್ರಿ, ಎಣಸ್ರಿ.”

ಆಮೇಲೆ ನನ್ನ ಕಡೆ ತಿರುಗಿದಳು. “ಕೋಳಿ ಗಾಬರಿ ಆಗ್ಯಾವ. ಬಡಕೊಂಡ್ರ ರೆಕ್ಕಿ ಬುಡಕ ರಕ್ತ ಹೆಪ್ಪುಗಟ್ಟತೈತಿ, ತುಂಬಿದ್ದ ಚೀಲ ಒಡೀತೈತಿ. ನನ್ನ ದನಿ ಮಾಡಿ ಇವನ್ನ ಕರದ್ರಲ್ಲ?”

“ಯಾರು ಹೇಳಿದ್ರು?”

“ನಾ ಕರದ್ರಷ್ಟ ತಿಂತಾವ ಇವು, ಬ್ಯಾರೆ ಯಾರ ಕೈಯಾಗೂ ತಿನ್ನಂಗಿಲ್ಲ. ಅಂದ್ರ ಯಾರೋ ನಾನ ಆಗ್ಯಾರ. ಗೂಡಿನ್ಯಾಗ ಕುಂದ್ರು. ಕಾಳಿಗೆ ಕರ್ಯೂ ದನಿ ಬ್ಯಾಡ, ಸಂಜಿಗೆ ಮಲಗಸೂ ದನಿ ತಗಿ. ಕೇಳೀದಿಯಲ್ಲ?”

ಕೇಳಿದ್ದೆ. ಗಂಟಲೊಳಗೇ ಉಳಿಯುವ “ಹ್ಞೂಂ... ಹ್ಞೂಂ... ಕುರ್‌ರ್” ಎಂಬ ದನಿ. ಹೊಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಶುರುಮಾಡಿದೆ. ಐದು ನಿಮಿಷದಲ್ಲಿ ಬಡಿದಾಟ ನಿಂತಿತು. ಒಂದೊಂದೇ ಕೋಳಿಯನ್ನು ಎದೆಗೊತ್ತಿ ಎತ್ತಿ ಲಾಲಸಾಬನ ಕೈಗೆ ಕೊಡುತ್ತಿದ್ದೆ. ಅವನು ಅಂಗೈಯಿಂದ ಅದರ ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಎಂದು, ಒಂದೇ ಎಳೆತಕ್ಕೆ ಮುಗಿಸುತ್ತಿದ್ದ. ಮೊದಲ ಮೂರಕ್ಕೆ ನನ್ನ ದನಿ ನಡುಗಿತು. ಅದು ಶಂಕ್ರಮ್ಮನ ನಡುಕವಲ್ಲ, ನನ್ನದೇ.

ಅಲ್ಲಿಂದ ಮುಂದಿನದು ಅವಳ ಕೈ. ನೋಡಿದ್ದನ್ನು ಬರೆಯುತ್ತೇನೆ, ಎಲ್ಲ ಹಿಡಿದಿಡಲು ನನಗಾಗದು.

ನೀರಿನ ಬಿಸಿ ನೋಡಲು ಬೆರಳು ಅದ್ದಿ ಎಣಿಸುತ್ತಾಳೆ: ಒಂದು, ಎರಡರ ತನಕ ತಡೆಯಬೇಕು, ಮೂರಕ್ಕೆ ಕೈ ತಾನಾಗಿ ಮೇಲೆ ಬರಬೇಕು. ಹೆಚ್ಚಾದರೆ ತೊಗಲು ಬೆಂದು ಹರಿಯುತ್ತದೆ, ಕಡಿಮೆಯಾದರೆ ಪುಕ್ಕ ಬಿಡುವುದಿಲ್ಲ. ಮೊದಲ ಸಲ ಎಡಗೈ ಅದ್ದಿದಳು. ಒಂದು, ಎರಡು, ಮೂರು, ನಾಲ್ಕು... “ಅಕ್ಕಾ, ಕೈ!” ಎಂದು ಲಾಲಸಾಬ ಕೂಗಿದ. ಬೆರಳು ಕೆಂಪಗಾಗಿದ್ದವು, ಅವಳಿಗೆ ಗೊತ್ತೇ ಆಗಿರಲಿಲ್ಲ. ಆ ಕೈಯನ್ನು ಒಮ್ಮೆ ನೋಡಿಕೊಂಡಳು, ಪರರ ಕೈಯನ್ನು ನೋಡುವಂತೆ. ಒಂದು ಚೊಂಬು ತಣ್ಣೀರು ಡ್ರಮ್ಮಿಗೆ ಸುರಿದು ಬಲಗೈ ಅದ್ದಿದಳು.

ಕಾಲು ಹಿಡಿದು ನೀರಿನಲ್ಲಿ ಆಡಿಸಿ ಎತ್ತಿದಳೆಂದರೆ ರೆಕ್ಕೆಯ ದೊಡ್ಡ ಗರಿ ಮೊದಲು, ಆಮೇಲೆ ಎದೆ, ಬೆನ್ನು, ಹೆಬ್ಬೆರಳಿನಿಂದ ಒರೆಸಿದ ಹಾಗೆ. ಪುಕ್ಕ ಕೀಳುವುದು ಪುಕ್ಕಟೆ ಕೆಲಸವೆಂದು ತಿಳಿದಿದ್ದೆ. ಒಂದು ಕೋಳಿ ನಾನೂ ಮಾಡಿದೆ, ಅವಳು ನಾಲ್ಕು ಮುಗಿಸಿದ್ದಳು. ಅರಿಸಿನ ಸವರಿ ಉರಿಯ ಮೇಲೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಸುಟ್ಟಾಗ ಸಣ್ಣ ಕೂದಲು ಚುರುಚುರು ಹೋಗಿ ತೊಗಲು ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು.

ಆಮೇಲೆ ದಾರ. ಕೊರಳ ಹಿಂಬದಿಯ ತೊಗಲು ಎರಡು ಬೆರಳಷ್ಟು ಸೀಳಿ, ಉಬ್ಬಿದ ಕಾಳುಚೀಲವನ್ನು ಬಿಡಿಸಿಕೊಂಡು, ಅದರ ಮೇಲಿನ ನಾಳಕ್ಕೆ ಒಂದು ಗಂಟು. ಹಿಂದೆ ಬಾಲದ ಕೆಳಗೆ ಸುತ್ತ ಕೊಯ್ದು, ಕರುಳಿನ ತುದಿ ಹಿಡಿದು ಇನ್ನೊಂದು ಗಂಟು. ಎರಡೂ ಬಾಯಿ ಕಟ್ಟಿದ ಮೇಲೆ ಹೊಟ್ಟೆಯೊಳಗೆ ಕೈ ಹೋಗಿ, ಒಂದು ಸುತ್ತು ತಿರುಗಿ, ಎಲ್ಲವನ್ನೂ ಒಂದೇ ಗೊಂಚಲಾಗಿ ಹೊರಗೆ ತರುತ್ತಿತ್ತು. ಕಾಳುಚೀಲ ಒಳಗಿನ ಕಾರ್ನ್‌ಫ್ಲೇಕ್ಸಿನಿಂದ ಹಳದಿಯಾಗಿ, ಊದಿ, ಹಾಗೇ ಇರುತ್ತಿತ್ತು. ಪಿತ್ತದ ಹಸಿರು ಕೋಶವನ್ನು ಲಿವರಿನಿಂದ ಒಂದು ಅಕ್ಕಿಕಾಳಿನಷ್ಟು ಮಾಂಸ ಸೇರಿಸಿ ಕತ್ತರಿಸಿ ಎಸೆಯುವಳು. ಅದು ಒಡೆದರೆ ಪಾತ್ರೆಯೆಲ್ಲ ಕಹಿ. ಇಪ್ಪತ್ನಾಲ್ಕರಲ್ಲಿ ಒಂದೂ ಒಡೆಯಲಿಲ್ಲ.

ಹನ್ನೊಂದನೆಯ ಕೋಳಿಯ ಹೊತ್ತಿಗೆ ಮೌನಪ್ಪನ ದಾರ ಕಡಿಮೆಯಾಯಿತು. “ಸಾಕಾಗಂಗಿಲ್ಲ, ನಾ ಎಣಿಸೀನಿ” ಎಂದು ಅವನೇ ಎದ್ದು, ಮಿಕ್ಸರಿಗೆ ಆಗತಾನೆ ಸುರಿಯುತ್ತಿದ್ದ ಚೀಲಗಳ ಬಾಯಿಂದ ದಾರ ಎಳೆದೆಳೆದು ತಂದ. ದಾರ ಕೈಗೆ ಬಂದ ಮೇಲೆ ಇಡೀ ಬೆಳಿಗ್ಗೆ ಅವನು ಆಡಿದ ಮಾತು ಅಷ್ಟೇ.

ಒಂಬತ್ತು ಇಪ್ಪತ್ತಕ್ಕೆ ಸುಬ್ಬರಾಯ ಇಳಿದು ಬಂದ. ಉಪ್ಪು ಅರಿಸಿನದ ನೀರಿನಲ್ಲಿ ಎರಡು ಸಲ ತೊಳೆದ ಇಪ್ಪತ್ನಾಲ್ಕು ಕೋಳಿ ಬಾಳೆಲೆಯ ಮೇಲೆ ಸಾಲಾಗಿ ಮಲಗಿದ್ದವು. ಅವನು ಒಂದೊಂದನ್ನೇ ಎತ್ತಿ, ಒಳಗೆ ಕಣ್ಣಿಟ್ಟು, ಮೂಗಿಟ್ಟು ನೋಡಿದ. ಏಳನೆಯದರ ಹೊತ್ತಿಗೆ ಮೂಗಿಡುವುದನ್ನು ಬಿಟ್ಟ. ಪಕ್ಕದ ಬೋಗುಣಿಯಲ್ಲಿ ಸುಲಿದ ಕಂದನಕಾಯಿಗಳಿದ್ದವು, ಕೋಳಿ ಕಾಳು ಅರೆಯುವ ಆ ಗಟ್ಟಿ ಮಾಂಸದ ಚೀಲ. ಒಂದನ್ನು ಕೈಗೆತ್ತಿಕೊಂಡು ಹಿಚುಕಿದ.

“ಇದೇನಮ್ಮಾ, ಇಷ್ಟು ಗಟ್ಟಿ! ಅಂಗಡೀದು ಮೆತ್ತಗಿರ್ತದೆ.”

“ಉಸುಕು ತಿಂದಾವ್ರಿ, ಅದಕ್ಕ.”

“ಯಾರ್ ಉಸುಕು?”

“ನಿಮ್ದ. ದಿನಾ ಒಂದು ಹಿಡಿ ಹಾಕ್ತಿದ್ದೆ.”

ಸುಬ್ಬರಾಯ ಅಂಗಳದ ಉಸುಕಿನ ರಾಶಿಯನ್ನು ನೋಡಿದ. ನಲವತ್ತೈದು ಹಿಡಿ ಎಷ್ಟಾಗುತ್ತದೆಂದು ಯೋಚಿಸಿದಂತೆ ಕಂಡಿತು. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮೇಲೆ ಹೋದ.

ಸ್ಲ್ಯಾಬು ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ, ನಿಂತಲ್ಲಿ ಬಿರುಕು ಬಿಡುತ್ತದೆ. ಹಾಗಾಗಿ ಹದಿನೈದು ಹದಿನೈದು ಮಂದಿ ಇಳಿದು ಬಂದು ಉಂಡು ಹತ್ತಬೇಕು. ಎರಡಕ್ಕೆ ಹತ್ತು ನಿಮಿಷ ಇರುವಾಗ ಅನ್ನದ ಹಬೆಯೂ ಕೋಳಿಸಾರಿನ ಘಮವೂ ಎರಡನೆಯ ಅಂತಸ್ತು ಮುಟ್ಟಿದವು. ಮೊದಲ ಪಂಕ್ತಿಯವರು ಇಳಿಯಲಿಲ್ಲ, ಉರುಳಿ ಬಂದರು. ಮುಂಗೈ ತನಕ ಸಿಮೆಂಟು ಬಡಿದುಕೊಂಡವರು ತೊಳೆದಷ್ಟು ತೊಳೆದು ಕೂತರು. ಮೂಳೆ ಚೀಪುವ ಸದ್ದು, “ಇನ್ನೊಂಚೂರು ಹಾಕವ್ವಾ” ಎನ್ನುವ ಸದ್ದು, ಅಷ್ಟೇ. ತೊಗಲು ಸುಲಿಯದ ಕೋಳಿ ತಿಂದು ವರ್ಷವಾಯಿತೆಂದು ಒಬ್ಬ ಹೆಂಗಸು ಎಲೆಯಂಚಿಗೆ ತೊಗಲಿನ ತುಂಡು ಎತ್ತಿಟ್ಟು, ಕೊನೆಗೆ ತಿಂದಳು.

ನಾಲ್ಕನೆಯ ಪಂಕ್ತಿಯಲ್ಲಿ ಸುಬ್ಬರಾಯ ಕೂತ. ಶಂಕ್ರಮ್ಮ ಅವನ ಎಲೆಗೆ ಐದು ಕಂದನಕಾಯಿ ಬಡಿಸಿ, ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಪಕ್ಕಕ್ಕೆ ನಿಂತಳು. ಅವನು ಉಂಡ. ಕೈ ತೊಳೆದ. ಕೋಳಿಗೂಡಿನ ಬಳಿ ಹೋಗಿ, ಕಿವಿಯ ಮೇಲಿನ ಕೆಂಪು ಪೆನ್ಸಿಲು ತೆಗೆದು, ಗೂಡಿನ ಇಟ್ಟಿಗೆಯ ಮೇಲೆ ಬರೆದ: ಮೂರನೆಯ ಸ್ಲ್ಯಾಬಿನ ತಾರೀಖು. ಅದರ ಕೆಳಗೆ ಮಂದಿಯ ಲೆಕ್ಕ, ಎಪ್ಪತ್ತೆರಡು.

“ಎಪ್ಪತ್ತೆರಡಕ್ಕೆ ಎಷ್ಟು ಕೋಳಿ ಬೇಕಮ್ಮಾ?”

“ಇಪ್ಪತ್ತೊಂಬತ್ತು ಸಾಕ್ರಿ. ಸಾಯೂವು ಎರಡು ಹಿಡದ್ರ ಮೂವತ್ತೊಂದು ಮರಿ ತರ್ತೀನಿ.”

“ಎರಡೇ ಸಾಯ್ತವಾ?”

“ಈ ಸಲ ಒಂದ ಸಾಯಬಹುದು.”

ಅವನು ನನ್ನ ಹತ್ತಿರ ಹಾದು ಹೋಗುವಾಗ ನಾನು ತಡೆಯಲಾರದೆ ಅವನದೇ ದನಿಯಲ್ಲಿ, “ಓದಿದೋರು ಕದಾ!” ಎಂದೆ. ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡಿ, “ಬಾಗಾನೇ ಮಾಡ್ತೀಯ, ಚೆನ್ನಾಗದೆ” ಎಂದು ಮೆಟ್ಟಿಲು ಹತ್ತಿದ.

ತಿಂಗಳು ಕಳೆದ ಮೇಲೆ ಒಂದು ಸಂಜೆ ಗೂಡಿನ ಬಳಿ ಹೋದೆ. ಹೊಸ ಮರಿಗಳು ಬಂದು ಎರಡು ದಿನವಾಗಿತ್ತು. ಬುಟ್ಟಿ ಸಾಲದೆಂದು ಶಂಕ್ರಮ್ಮ ಅವುಗಳಲ್ಲಿ ಒಂದಷ್ಟನ್ನು ತನ್ನ ಪುಟ್ಟಿಯಲ್ಲಿ ಹೊಟ್ಟು ಹರವಿ ಬಿಟ್ಟಿದ್ದಳು. ಅಂಚಿನಲ್ಲಿ ಒಣಗಿದ ಸಿಮೆಂಟು ಇನ್ನೂ ಅಂಟಿಕೊಂಡಿತ್ತು. ಬಲ್ಬಿನ ಕೆಳಗೆ ಮರಿಗಳು ಅಲ್ಲೊಂದು ಇಲ್ಲೊಂದು ಹರಡಿ ಮಲಗಿದ್ದವು.

“ಕೈ ಹೆಂಗಿದೆ ಅಕ್ಕಾ?”

ಎಡಗೈ ಚಾಚಿ ಒಂದು ಮರಿಯನ್ನು ಎತ್ತಿ ಅಂಗೈ ಮೇಲೆ ಕೂರಿಸಿಕೊಂಡಳು. “ಬೆಚ್ಚಗೈತಿ ಅನ್ನೂದು ಗೊತ್ತಾಗಾಕತ್ತೈತಿ” ಎಂದಳು. ಯಾವುದು ಬೆಚ್ಚಗೆ, ಕೈಯೋ ಮರಿಯೋ, ನಾನು ಕೇಳಲಿಲ್ಲ.

ಕ್ಯಾಬು ಹಾರ್ನ್ ಹೊಡೆಯಿತು. ಹೊರಟವನನ್ನು ಅವಳು ಮತ್ತೆ ಕರೆದಳು.

“ತಮ್ಮಾ, ಆ ತಾರೀಖು ಬರಕೊಂಡಿಯಿಲ್ಲ?”

“ಬರ್ಕೊಂಡಿದೀನಿ ಅಕ್ಕ. ದನಿ ಮಾಡೋಕೆ ಬರ್ತೀನಿ.”

“ಬಾ. ಬರೂ ಮುಂಚೆ ನಿನ್ನ ಕ್ವಾಣಿಗೆ ಬೀಗ ಹಾಕಿ ಕೀಲಿ ನನ್ನ ಕೈಯಾಗ ಕೊಡು. ಆ ಡಬ್ಬಿ ಅವಲಕ್ಕಿ ಒಳಗ ಇರ್ಲಿ.”